ಸಭೆಗೆ ಕೇಳದ ಗಿಟಾರು

ಹನ್ನೊಂದು ವರ್ಷ, ಪ್ರತಿ ಡಿಸೆಂಬರಿನ ಹಳೆ ಹಾಡುಗಳ ರಾತ್ರಿಯಲ್ಲಿ, ಜ್ಞಾನೇಶ್ ಸೌಂಡ್ ಮಿಕ್ಸರಿನಲ್ಲಿ ಪರಮೇಶ್ವರಪ್ಪನ ಗಿಟಾರಿನ ಸದ್ದನ್ನು ಇಳಿಸಿಟ್ಟಿದ್ದ.

ಈಗ ಭದ್ರಾವತಿಯ ಹಳೇ ನಗರದಲ್ಲಿ, ಅದೇ ಪರಮೇಶ್ವರಪ್ಪನ ಮನೆಯಂಗಳದಲ್ಲಿ, ಭಜನೆಯವರಿಗೆ ಮೈಕಿನ ವೈರು ಎಳೆಯುತ್ತಿದ್ದ. ನಿನ್ನೆ ಸುಣ್ಣ ಬಳಿಯುವ ಏಣಿಯ ಮೇಲೆಯೇ ಎದೆ ಹಿಡಿದುಕೊಂಡು, ಬಿದ್ದು ಸತ್ತವನನ್ನು ಜಗಲಿಯಲ್ಲಿ ಕೂರಿಸಿ, ಹಣೆತುಂಬ ವಿಭೂತಿ ಬಳಿದು, ಹೂವಿನಲ್ಲಿ ಮುಚ್ಚಿದ್ದರು. ಶಿವಮೊಗ್ಗದಿಂದ ಎರಡು ಬಸ್ಸು ಜನ ಬಂದಿದ್ದರು. ವೈರು ಎಳೆಯುತ್ತಲೇ ಜ್ಞಾನೇಶ್ ತಲೆ ಎಣಿಸಿದ. ನಾನು ಸತ್ತರೆ ಇದರ ಅರ್ಧ ಬಂದರೆ ಹೆಚ್ಚು. ಹೆಣದ ಮೇಲೂ ಹೊಟ್ಟೆಕಿಚ್ಚು.

"ಪರಮಣ್ಣನ ಕೈ ಏನೋ ಚೆನ್ನಾಗಿತ್ತು ಮಾರಾಯ, ಸದ್ದೇ ಬರ್ತಿರ್ಲಿಲ್ಲ," ಎಂದ ಡ್ರಮ್ ಬಾರಿಸುವ ಲೋಹಿತ್.

"ನಿನ್ ಪಕ್ಕ ನಿಂತ್ರೆ ಸಿಡಿಲಿಗೂ ಸದ್ದಿರಲ್ಲ ಬಿಡು," ಎಂದರು ಯಾರೋ. ನಗು ಬಂದವರು ಟವೆಲನ್ನು ಬಾಯಿಗೆ ಒತ್ತಿಕೊಂಡರು.

ಪರಮೇಶ್ವರಪ್ಪನ ಹೆಂಡತಿ ದಾಕ್ಷಾಯಣಿ ಜ್ಞಾನೇಶನನ್ನು ಕಂಡದ್ದೇ ಬಿಕ್ಕಿದಳು. "ಜ್ಞಾನೇಶಣ್ಣ, ಅವರು ನಿಮ್ಮನ್ನ ನೆನೆಯದ ದಿನ ಇರ್ಲಿಲ್ಲ. 'ಅವನೊಬ್ನೇ ನಂಗೆ ನಿಜ ಹೇಳೋನು' ಅಂತಿದ್ರು."

ಅವನು ವೈರಿನ ಗಂಟು ಬಿಡಿಸುವವನಂತೆ ತಲೆ ತಗ್ಗಿಸಿದ. ವೈರಿನಲ್ಲಿ ಗಂಟಿರಲಿಲ್ಲ.

*

ತಂಡದಲ್ಲಿ ಗಿಟಾರಿನ ಜಾಗ ಮೊದಲು ಜ್ಞಾನೇಶನದು. ಕಾರ್ಖಾನೆಯ ಗೇಟು ಮುಚ್ಚಿದ ಮೇಲೆ ಸುಣ್ಣಬಣ್ಣದ ಕೂಲಿಗೆ ಬಿದ್ದ ಪರಮೇಶ್ವರಪ್ಪ ಒಂದು ಸಂಜೆ ತಾಲೀಮಿಗೆ ಬಂದು ಬಾರಿಸಿದ. ಹಳೆ ಹಾಡುಗಳ ರಾತ್ರಿ ನಡೆಸುವ ಸಮಿತಿಯ ಅಧ್ಯಕ್ಷ, ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಸಾಹುಕಾರ ಶಿವಯೋಗಪ್ಪ, ಮಾರನೆಯ ದಿನವೇ ಜ್ಞಾನೇಶನನ್ನು ಮಿಕ್ಸರಿನ ಮುಂದೆ ಕೂರಿಸಿದ. ಕಾರ್ಯಕ್ರಮದ ಬ್ಯಾನರಿನ ತುಂಬ ಸಾಹುಕಾರರ ಮುಖಗಳು. ಬಾರಿಸುವವರ ಹೆಸರು ಎಂದೂ ಇರಲಿಲ್ಲ. ಆ ಸಿಟ್ಟನ್ನು ಜ್ಞಾನೇಶ್ ಸಾಹುಕಾರರ ಮೇಲೆ ತೀರಿಸಿಕೊಳ್ಳಲಿಲ್ಲ. ಕೂಲಿಯವನ ಮೇಲೆ ತೀರಿಸಿಕೊಂಡ.

ಸವಳಂಗ ರಸ್ತೆಯ ಸಭಾಂಗಣದಲ್ಲಿ ಅರವತ್ತರ ಗಂಡಸರು ಬೆಲ್‌ಬಾಟಮ್ ತೊಟ್ಟು ಹಳೆಯ ರಾಕ್ ಹಾಡುಗಳಿಗೆ ಕುಣಿಯುವಾಗ, ಪರಮೇಶ್ವರಪ್ಪ ಕಣ್ಣು ಮುಚ್ಚಿ ಬಾರಿಸುತ್ತಿದ್ದ. ಕಾಲ ಬಳಿಯ ಸ್ಪೀಕರಿನಲ್ಲಿ ತನ್ನ ಗಿಟಾರು ಅವನಿಗೆ ಕೇಳುತ್ತಿತ್ತು. ಸಭೆಗೆ ಕೇಳುತ್ತಿರಲಿಲ್ಲ.

"ಹೆಂಗಿತ್ತೋ?" ಎಂದು ಇಳಿದು ಬಂದು ಕೇಳುವನು.

"ಇನ್ನೂ ಗಟ್ಟಿಯಾಗಿ ಬಾರಿಸ್ಬೇಕಿತ್ತು, ಪರಮಣ್ಣ."

ಮುಂದಿನ ವರ್ಷ ಗಟ್ಟಿಯಾಗಿ ಬಾರಿಸಿದ. ಅದರ ಮುಂದಿನ ವರ್ಷ ಇನ್ನೂ ಗಟ್ಟಿಯಾಗಿ. ಹೋದ ಡಿಸೆಂಬರಿನಲ್ಲಿ ಬೆರಳು ಒಡೆದು, ಮರದ ಗಿಟಾರಿನ ಮೇಲೆ ರಕ್ತ ಇಳಿಯಿತು. ಆಗಲೂ ಜ್ಞಾನೇಶ್ ಸದ್ದು ಏರಿಸಲಿಲ್ಲ.

*

ಹೆಣ ಎತ್ತುವ ಹೊತ್ತಿಗೆ ಶಿವಯೋಗಪ್ಪ ಜ್ಞಾನೇಶನ ಹೆಗಲ ಮೇಲೆ ಕೈಯಿಟ್ಟ. "ಶನಿವಾರ ಪ್ರೋಗ್ರಾಮ್ ಇದೆ ಮಾರಾಯ, ನಿಲ್ಸೋಕಾಗಲ್ಲ. ಗಿಟಾರ್ ಇನ್ಮೇಲೆ ನೀನೇ."

ಹನ್ನೊಂದು ವರ್ಷ ಕಾದ ಮಾತು. ಜ್ಞಾನೇಶನ ಎಡಗೈಯ ಬೆರಳುಗಳು ತಂತಿ ಒತ್ತುವಂತೆ ತಾವಾಗಿಯೇ ಮಡಚಿಕೊಂಡವು.

"ಅವರ ಗಿಟಾರೇ ತಗೊಂಡ್ಹೋಗಿ ಅಣ್ಣ," ಎಂದಳು ದಾಕ್ಷಾಯಣಿ. "ಶಾಂಭವಿ, ಮಾಮಂಗೆ ತಂದ್ಕೊಡಮ್ಮ."

ಮಗಳು ಶಾಂಭವಿ ಒಳಗಿನಿಂದ ಗಿಟಾರು ತಂದಳು. ಜ್ಞಾನೇಶ್ ಎರಡೂ ಕೈ ಚಾಚಿದ. ಅವಳು ಕೊಡಲಿಲ್ಲ. ಅಪ್ಪನ ಕಾಲ ಬಳಿ ಮೆಟ್ಟಿಲ ಮೇಲೆ ಕೂತು ಬಾರಿಸತೊಡಗಿದಳು. ಯಾವ ವೈರೂ ಸಿಕ್ಕಿಸಿರಲಿಲ್ಲ. ಅಪ್ಪನದೇ ಕೈ. ಭಜನೆಯವರು ತಾಳ ನಿಲ್ಲಿಸಿದರು. ಬೀದಿಯಾಚೆ ಚಹಾ ಕುಡಿಯುತ್ತಿದ್ದ ಲೋಹಿತ್ ಲೋಟ ಹಿಡಿದೇ ಗೇಟಿನವರೆಗೆ ಬಂದು ನಿಂತ.

ಇವಳಿಗೂ ಬಂದಿದೆಯಲ್ಲ ಎಂದು ಕರುಬುತ್ತ ಜ್ಞಾನೇಶ್ ಚಾಚಿದ ಕೈ ಹಿಂದಕ್ಕೆಳೆದುಕೊಂಡ.

"ಮೆಲ್ಲಗೆ ಬಾರಿಸು ಪುಟ್ಟಿ," ಎಂದ. "ಅಪ್ಪನ್ನ ಎತ್ತೋ ಹೊತ್ತು."

"ಇಲ್ಲ ಮಾಮ," ಎಂದಳು ತಲೆ ಎತ್ತದೆ. ಅವಳ ಕೈ ತಂತಿಯ ಮೇಲೆ ಇನ್ನೂ ಜೋರಾಗಿ ಬಿತ್ತು.