ಫೋಟೋದ ಅಂಚಿನ ಕೈ

ಕ್ಲಬ್ಬಿಗೆ ನೂರು ವರ್ಷ ತುಂಬುವುದಿತ್ತು. ಅದರ ಚರಿತ್ರೆ ಬರೆಸಬೇಕೆಂದು ಸಮಿತಿ ತೀರ್ಮಾನಿಸಿದಾಗ ಕಾರ್ಯದರ್ಶಿ ನೇರವಾಗಿ ಬಂದದ್ದು ವಾಚನಾಲಯದಲ್ಲಿ ಕೂತಿದ್ದ ಅಲ್ಪವಿರಾಮದವರ ಬಳಿಗೆ. ಪತ್ರಿಕೆಯೊಂದರಲ್ಲಿ ಮೂವತ್ತೈದು ವರ್ಷ ಕರಡು ತಿದ್ದಿ ನಿವೃತ್ತರಾದವರು ಅವರು. ಮಾತಾಡುವಾಗಲೂ ಅಲ್ಲಲ್ಲಿ ನಿಂತು ಉಸಿರೆಳೆದುಕೊಳ್ಳುತ್ತಿದ್ದುದರಿಂದ ಕ್ಲಬ್ಬಿನವರು ಈ ಹೆಸರಿಟ್ಟಿದ್ದರು.

ಕಾರ್ಯದರ್ಶಿ ಹಲ್ಲಿನ ಡಾಕ್ಟರು. ಎದುರಿಗಿದ್ದವರು ಬಾಯಿ ತೆರೆಯುವವರೆಗೆ ಬಿಡುವವರಲ್ಲ. "ಸಾರ್, ನೀವೇ ಬರೀಬೇಕು. ಇಪ್ಪತ್ತು ವರ್ಷದಿಂದ ಇಲ್ಲಿ ಪೇಪರ್ ಓದಿದ್ದು ಬಿಟ್ರೆ ಒಂದು ಚೆಂಡೂ ಮುಟ್ಟಿಲ್ಲ. ನಿಮ್ಮಷ್ಟು ನಿಷ್ಪಕ್ಷಪಾತಿ ಇನ್ಯಾರಿದ್ದಾರೆ?"

ಇದು ಹೊಗಳಿಕೆಯೋ ತೆಗಳಿಕೆಯೋ ತಿಳಿಯುವ ಮೊದಲೇ ಅವರು ಒಪ್ಪಿಬಿಟ್ಟಿದ್ದರು. ಅದೇ ಕ್ಲಬ್ಬಿನಲ್ಲಿ ಬ್ಯಾಡ್ಮಿಂಟನ್ ಆಡಿ ಆಡಿ ಮಂಡಿ ಸವೆಸಿಕೊಂಡಿದ್ದ ಹೆಂಡತಿ ಸುದ್ದಿ ಕೇಳಿ ನಕ್ಕರು. "ಈಜು ಬಾರದವರಿಗೆ ಬಾವಿಯ ಆಳ ನೋಡೋ ಕೆಲಸ ಕೊಟ್ಟಿದ್ದಾರೆ. ಹುಷಾರು ಕಣ್ರೀ."

ಮರುದಿನದಿಂದಲೇ ಶುರುವಾಯಿತು. ಟೆನಿಸ್ ವಿಭಾಗದ ನಾಯಕ, ವಕೀಲ, ಮನೆಗೇ ಬಂದು ಕೂತ. "ಕ್ಲಬ್ ಶುರುವಾಗಿದ್ದೇ ಟೆನಿಸ್‌ನಿಂದ, ಬರ್ಕೊಳ್ಳಿ." ಅವನ ಕಾಫಿ ಲೋಟ ತೊಳೆಯುವ ಮೊದಲೇ ಹಾಕಿ ವಿಭಾಗದ ನಾಯಕ ಬಂದ. ಅವನ ಹಿಂದೆಯೇ ಬಿಲಿಯರ್ಡ್ಸ್‌ನವನು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಾಯಿತು ಅಲ್ಪವಿರಾಮದವರ ಪಾಡು.

ಮೂವರ ಬಳಿಯೂ ಇದ್ದ ಸಾಕ್ಷಿ ಒಂದೇ, ಕ್ಲಬ್ಬಿನ ಹಜಾರದ ಗೋಡೆಯ ಮೇಲಿನ ಸ್ಥಾಪಕರ ಫೋಟೋ. ದಪ್ಪ ಮೀಸೆಯ ಸ್ಥಾಪಕರು ಕುರ್ಚಿಯಲ್ಲಿ ಕೂತಿದ್ದರು. ಅವರ ಪಕ್ಕದಲ್ಲಿ, ಚೌಕಟ್ಟಿನ ಅಂಚಿಗೆ, ಒಂದು ಮುಷ್ಟಿ, ಅದರೊಳಗೊಂದು ಮರದ ಹಿಡಿ. ಮಿಕ್ಕದ್ದೆಲ್ಲ ಚೌಕಟ್ಟಿನಡಿ ಮುಚ್ಚಿಹೋಗಿತ್ತು.

"ರ‍್ಯಾಕೆಟ್ಟು," ಎಂದ ವಕೀಲ.

"ಕಣ್ಣು ಕಾಣಲ್ವಾ? ಹಾಕಿ ಸ್ಟಿಕ್!"

"ಇಷ್ಟು ನಯವಾಗಿರೋದು ಬಿಲಿಯರ್ಡ್ಸ್ ಕೋಲು ಮಾತ್ರ."

ಕರಡು ತಿದ್ದಿದ ಕಣ್ಣು ಸುಮ್ಮನಿರುತ್ತದೆಯೇ? ಅಲ್ಪವಿರಾಮದವರು ಕನ್ನಡಕ ಒರೆಸಿ ಫೋಟೋಗೆ ಮೂಗು ತಾಗಿಸಿದರು. "ಸ್ಥಾಪಕರ ಕೈಗಳೆರಡೂ ಅವರ ತೊಡೆ ಮೇಲೇ ಇವೆಯಲ್ಲ. ಹಾಗಾದ್ರೆ, ಈ ಮೂರನೇ ಕೈ ಯಾರದು?"

ಮೂವರೂ ಫೋಟೋದತ್ತ ಬಗ್ಗಿದರು. ಇಷ್ಟು ವರ್ಷ ಎಲ್ಲರೂ ಕೋಲು ನೋಡಿದ್ದರೇ ಹೊರತು ಕೈ ಎಣಿಸಿರಲಿಲ್ಲ.

ಬಡಗಿಯನ್ನು ಕರೆಸಿ ಚೌಕಟ್ಟು ಬಿಚ್ಚಿಸಿದರು. ಒಳಗಿನಿಂದ ಒಬ್ಬ ಹೆಂಗಸು ಹೊರಬಂದರು. ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದ ಆಕೆಯ ಕೈಯಲ್ಲಿದ್ದುದು ಉದ್ದ ಹಿಡಿಯ ಪೊರಕೆ.

ಆಕೆ ಯಾರೆಂದು ತಿಳಿಯಲು ಅಲ್ಪವಿರಾಮದವರು ಊರೆಲ್ಲ ವಿಚಾರಿಸಿ ಕೊನೆಗೆ ಸ್ಥಾಪಕರ ಮೊಮ್ಮಗಳ ಮನೆ ಬಾಗಿಲು ತಟ್ಟಿದರು. ನರ್ಸ್ ಆಗಿದ್ದು ನಿವೃತ್ತಿಯಾದ, ಎಂಬತ್ತರ ಮೇಲಿನ ಗಟ್ಟಿ ಜೀವ ಅದು. ಫೋಟೋ ನೋಡಿದ್ದೇ ಆಕೆಯ ಮುಖ ಅರಳಿತು.

"ಅಯ್ಯೋ, ನಮ್ಮಜ್ಜಿ! ತಾತ ಎಂಥ ಸ್ಥಾಪಕರು? ಭಾವಮೈದುನರನ್ನ ಸೇರಿಸ್ಕೊಂಡು ದಿನಾ ಅಂಗಳದಲ್ಲಿ ಕುಣೀತಿದ್ರು. ಒಬ್ಬನಿಗೆ ಒಂದು ಆಟ, ಇನ್ನೊಬ್ಬನಿಗೆ ಇನ್ನೊಂದು. ಒಂದಿನ ಕಿಟಕಿ ಗಾಜು ಪುಡಿಪುಡಿ. ಅಜ್ಜಿ ಪೊರಕೆ ತಗೊಂಡು ಎಲ್ಲರನ್ನೂ ಹೊರಗಟ್ಟಿದ್ಲು. ಅವಳಪ್ಪ ಕೊಟ್ಟಿದ್ದ ಖಾಲಿ ಜಾಗ ತೋರಿಸಿ, 'ಏನು ಆಡ್ತೀರೋ ಅಲ್ಲಿ ಆಡ್ಕೊಂಡು ಸಾಯ್ರಿ' ಅಂದ್ಲು. ಅದೇ ನಿಮ್ಮ ಕ್ಲಬ್ಬು."

ಅಲ್ಪವಿರಾಮದವರು ಅದನ್ನು ಹಾಗೇ ಬರೆದರು. 'ಸಾಯ್ರಿ' ಎಂಬುದನ್ನು ಮಾತ್ರ ಡಾಕ್ಟರು ತೆಗೆಸಿದರು. ಹೆಂಡತಿ ಕರಡು ಓದಿ ಮೇಜಿನ ಮೇಲೆ ಕುಕ್ಕಿದರು. ಆಮೇಲೆ, "ಹೆಂಗಸರಿಗೆ ವಾರಕ್ಕೆ ಎರಡೇ ದಿನ ಆಡೋಕೆ ಕೋರ್ಟು ಕೊಡ್ತಿದ್ರಲ್ಲ ಇವರು! ಅವಳ ಜಾಗದಲ್ಲಿ ಕೂತ್ಕೊಂಡು!" ಎಂದು ಹೇಳಿ ಎದ್ದುಹೋದವರು ಸಮಿತಿಯ ಸಭೆಗೇ ಹೋದರು. ಆ ನಿಯಮ ಅವತ್ತೇ ರದ್ದಾಯಿತು. ಪೊರಕೆಯ ಫೋಟೋ ಎದುರಿಗಿದ್ದುದರಿಂದ ಯಾರೂ ವಿರೋಧಿಸಲಿಲ್ಲ.

ಆದರೆ ಜಗಳ ಮುಗಿಯಲಿಲ್ಲ, ದಿಕ್ಕು ಬದಲಿಸಿತು ಅಷ್ಟೆ. ಈಗ ಕಿಟಕಿ ಒಡೆದದ್ದು ಯಾವ ಆಟದ ಚೆಂಡು ಎಂಬುದು ಪ್ರಶ್ನೆ. ಗಾಜು ಒಡೆದ ಆಟವೇ ಕ್ಲಬ್ಬಿನ ಮೂಲ ಆಟವಲ್ಲವೇ?

ಶತಮಾನೋತ್ಸವದ ದಿನ ಹೊಸ ದೊಡ್ಡ ಚೌಕಟ್ಟು ಹಾಕಿಸಿದ ಅದೇ ಫೋಟೋವನ್ನು ಮೊಮ್ಮಗಳಿಂದಲೇ ಅನಾವರಣ ಮಾಡಿಸಿದರು. ಆಕೆ ವೇದಿಕೆಯಿಂದ ಇಳಿಯುವಷ್ಟರಲ್ಲಿ ಮೂವರು ನಾಯಕರೂ ಸುತ್ತುವರಿದರು.

"ಅಮ್ಮಾ, ನೀವೇ ಹೇಳಿಬಿಡಿ. ಟೆನಿಸ್ ಚೆಂಡೇ ತಾನೆ?"

"ಹಾಕಿ ಚೆಂಡು ಅಂತ ಹೇಳಮ್ಮಾ!"

ಮುದುಕಿ ಎಲ್ಲರ ಮುಖ ನೋಡಿ, ದನಿ ತಗ್ಗಿಸಿದರು. "ಚೆಂಡೂ ಇಲ್ಲ, ಗಿಂಡೂ ಇಲ್ಲ. ಆ ಗಾಜು ಒಡೆದದ್ದು ನಮ್ಮಜ್ಜೀನೇ, ಪೊರಕೆ ಹಿಡಿಯಿಂದ. ತಾತನ ದಂಡನ್ನ ಓಡ್ಸೋಕೆ ಒಂದು ನೆಪ ಬೇಡ್ವೇ?"