ಎದೆಯಲ್ಲಿ ನಿಂತ ತುತ್ತು

ಹುಬ್ಬಳ್ಳಿಯ ಆ ಆಸ್ಪತ್ರೆಯಲ್ಲಿ ನರ್ಸ್ ಕೇಳಿದ್ದು ಒಂದೇ ಮಾತು. "ಅಜ್ಜಿ, ಮುಂಜಾನಿಂದ ಏನೂ ತಿಂದಿಲ್ಲ ಹೌದಲ್ರಿ?"

ಸುಳ್ಳು ಹೇಳಲು ಬಾರದ ಗುತ್ತೆವ್ವ, "ಏನಿಲ್ರಿ, ನಾಕ ಚಮಚ ಮೊಸರು-ಸಕ್ಕರಿ ಅಷ್ಟ," ಅಂದಳು.

ಮುಗಿಯಿತು. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಎಂಡೋಸ್ಕೋಪಿ ಮಾಡುವುದಿಲ್ಲ, ಡಾಕ್ಟರು ಮಧ್ಯಾಹ್ನದ ಮೇಲೆ ಇರುವುದಿಲ್ಲ, ಇನ್ನು ಮುಂದಿನ ಮಂಗಳವಾರ ಬರ್ರಿ ಎಂದಳು ನರ್ಸ್. ಮಗಳು ನೀಲಾಂಬಿಕಾಳಿಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು. ಅವ್ವ ಏನೂ ಬಾಯಿಗೆ ಹಾಕದಿರಲೆಂದು ರಾತ್ರಿಯೇ ನೀರಿನ ಕೊಡಕ್ಕೂ ಮುಚ್ಚಳ ಹಾಕಿ, ನಸುಕಿನಲ್ಲಿ ಯಲವಿಗಿ ಸ್ಟೇಷನ್ನಿಗೆ ಬಂದು ಇಬ್ಬರನ್ನೂ ರೈಲು ಹತ್ತಿಸಿದ್ದಳು.

"ಯಾರು ಕೊಟ್ರು ಮೊಸರು?"

"ನಾನ ಕೊಟ್ಟೆ," ಎಂದ ಅಪ್ಪ ನಾಗಪ್ಪ, ಟೊಪ್ಪಿಗೆ ಸರಿಮಾಡಿಕೊಳ್ಳುತ್ತ. "ಊರಿಗೆ ಹೊಂಟಾವ್ರು ಬರೇ ಹೊಟ್ಟೀಲೆ ಹೊಸ್ತಲಾ ದಾಟಬಾರದು. ಬಾಯಿ ಸೀ ಮಾಡಿ ಕರಕೊಂಡ ಬಂದೆ. ಮೊಸರೇನ ಊಟಾ ಏನವ್ವಾ?"

"ನಲವತ್ತ ವರ್ಷದಾಗ ಒಂದಿನಾ ಅವ್ವಗ 'ಉಂಡಿಯೇನ' ಅಂತ ಕೇಳಿಲ್ಲ ನೀ. ಉಣಿಸಬಾರದ ದಿನಾನ ನೋಡಿ ಉಣಿಸಿದಿ!"

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದುಕೊಂಡಳು.

ಅವಳಿಗೆ ತನ್ನ ಮೇಲೂ ಸಿಟ್ಟಿತ್ತು. ಶಿಗ್ಗಾಂವದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಅವಳು. ಬಾಯಲ್ಲಿ ಜೊಲ್ಲು ಕೂಡಿದ ತುತ್ತು ಅನ್ನನಾಳಕ್ಕೆ ಇಳಿಯುತ್ತದೆ, ನಾಳ ಹಿಂಡುತ್ತ ಹತ್ತು ಸೆಕೆಂಡಿನೊಳಗೆ ಅದನ್ನು ಜಠರಕ್ಕೆ ದೂಡುತ್ತದೆ, ಜಠರ ಅದನ್ನು ಆಮ್ಲದಲ್ಲಿ ಮೂರು-ನಾಲ್ಕು ತಾಸು ಕಡೆದು ಸಣ್ಣ ಕರುಳಿಗೆ ಬಿಡುತ್ತದೆ. ಇದನ್ನು ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆಯುತ್ತಾಳೆ. ದೀಪದ ಬುಡಕ್ಕೆ ಕತ್ತಲೆ ಅನ್ನುವುದು ಸುಳ್ಳಲ್ಲ. ಇಲ್ಲಿ ಹೆತ್ತವ್ವನ ತುತ್ತು ಎದೆಯ ನಡುವೆಯೇ ನಿಂತಿತ್ತು, ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾಗುವುದಾದರೂ ಹೇಗೆ? ಆ ಮನೆಯಲ್ಲಿ ಮೊದಲು ಗಂಡಸರ ಪಂಕ್ತಿ, ಆಮೇಲೆ ಮಕ್ಕಳು. ಗುತ್ತೆವ್ವ ಎಲ್ಲರದೂ ಆದ ಮೇಲೆ ಒಲೆಯ ಹಿಂದೆ ಗೋಡೆಗೆ ಮುಖ ಮಾಡಿ ಕೂತು ಉಣ್ಣುವವಳು. ಅವಳ ತಾಟನ್ನು ಯಾರೂ ನೋಡಿದ್ದಿಲ್ಲ. ದಸರಾ ರಜೆಗೆ ಬಂದ ನೀಲಾಂಬಿಕಾ ಉಪ್ಪಿನ ಭರಣಿಗೆಂದು ಒಳಗೆ ಹೋದಾಗ ಕಂಡದ್ದು, ಬಿಸಿನೀರಲ್ಲಿ ನೆನೆದು ಅಂಬಲಿಯಾದ ಜೋಳದ ರೊಟ್ಟಿ ಮತ್ತು ಎದೆ ತಿಕ್ಕಿಕೊಳ್ಳುತ್ತಿದ್ದ ಅವ್ವ.

"ಎಂಟ ದಿನದಾಗ ಏನಾಗೂದೈತಿ?" ಎಂದ ನಾಗಪ್ಪ. "ಮನ್ಯಾಗ ಚಲೋ ಉಣ್ತಾಳಾಕಿ."

ನೀಲಾಂಬಿಕಾ ಇಬ್ಬರನ್ನೂ ಎದುರಿನ ಖಾನಾವಳಿಗೆ ಕರೆದೊಯ್ದು ಇಡ್ಲಿ ಹೇಳಿದಳು. ಮೊದಲು ಬಂದ ತಾಟನ್ನು ಗುತ್ತೆವ್ವ ರೂಢಿಯಂತೆ ಗಂಡನ ಮುಂದೆ ಸರಿಸಿದಳು. ಮಗಳು ಅದನ್ನು ಎಳೆದು ಅವ್ವನ ಮುಂದಿಟ್ಟಳು.

"ಮೊದಲ ಅವ್ವ ತಿನ್ನಲಿ. ಅಪ್ಪಾ, ನೀ ಕುಂತ ನೋಡು."

"ಅವರಕಿಂತ ಮೊದಲ ಹೆಂಗ ತಿನ್ಲಿ? ಬ್ಯಾಡ ಬಿಡ ನೀಲಾ."

"ತಿನ್ನು."

ನಾಚಿಕೆಯಿಂದ ಮುದುಡಿ ಗುತ್ತೆವ್ವ ಉಗುರಿನಷ್ಟು ಇಡ್ಲಿ ಮುರಿದು ಬಾಯಿಗಿಟ್ಟಳು. ಅಗಿದಳು, ಅಗಿದಳು, ನುಂಗಿದಳು. ಅಷ್ಟೇ. ಕೈ ಎದೆಗೆ ಹೋಯಿತು, ಕತ್ತಿನ ನರ ಉಬ್ಬಿದವು, ಕಣ್ಣಲ್ಲಿ ನೀರು ಬಂತು. ಒಂದು ಗುಟುಕು ನೀರು ಕುಡಿದರೆ ಅದೂ ಇಳಿಯದೆ ಮೂಗಿನಿಂದ ಹೊರಬಂತು. ಸೆರಗಿನಲ್ಲಿ ತುತ್ತನ್ನು ಉಗಿದು, ಸದ್ದಾಗದಂತೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆ ಮಡಿಕೆ ಹಾಕುವ ಕೈಯಲ್ಲಿ ಆರು ತಿಂಗಳ ರೂಢಿ ಇತ್ತು.

ನಾಗಪ್ಪನ ಮುಖ ಬಿಳಿಚಿಕೊಂಡಿತು. "ಯಾವಾಗಿಂದ ಹಿಂಗ?"

"ಉಗಾದಿ ಆದಾಗಿಂದ್ರಿ."

"ನನಗ್ಯಾಕ ಹೇಳಲಿಲ್ಲ?"

ಗುತ್ತೆವ್ವ ಬೈಯುವ ದನಿಯಲ್ಲಿ ಹೇಳಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು. "ನೀವು ಉಣ್ಣೂಮುಂದ ಹೇಳಿದ್ರ ನಿಮಗ ಊಟಾ ಸೇರತಿರಲಿಲ್ರಿ. ನಾ ಉಣ್ಣೂಮುಂದ ನೀವು ಎದುರಿಗೆ ಇರೂದಿಲ್ಲಲ್ರಿ."

ನಾಗಪ್ಪ ಎದ್ದ. ತನ್ನ ತಾಟನ್ನು ಮುಟ್ಟದೆ ರಸ್ತೆ ದಾಟಿ ಆಸ್ಪತ್ರೆಯೊಳಗೆ ಹೋದ. ಊರಲ್ಲಿ ಯಾರ ಮುಂದೆಯೂ ತಲೆ ಬಾಗಿಸದವನು, ಮಗಳಿಗಿಂತ ಚಿಕ್ಕವಳಾದ ನರ್ಸಿನ ಮುಂದೆ ಟೊಪ್ಪಿಗೆ ತೆಗೆದು ಕೈಮುಗಿದು ನಿಂತದ್ದು ಗಾಜಿನ ಬಾಗಿಲಿನಾಚೆ ಕಾಣುತ್ತಿತ್ತು. ಸರತಿ ಮುಂಚೆ ಕೊಡಿರೆಂದು ಬೇಡುತ್ತಿದ್ದ. ನರ್ಸ್ ಆಗದೆಂದು ತಲೆಯಾಡಿಸುತ್ತಿದ್ದಳು.

"ಹೋಗ ನೀಲಾ, ಅವರಿಗೆ ಮಾತಾಡಾಕ ಬರೂದಿಲ್ಲ," ಎಂದಳು ಗುತ್ತೆವ್ವ.

ನೀಲಾಂಬಿಕಾ ಕೂತಲ್ಲಿಂದ ಏಳಲಿಲ್ಲ.

"ಬೇಡಲಿ ಬಿಡವ್ವಾ," ಅಂದಳು. "ಇನ್ನೊಂದೀಟು ಬೇಡಲಿ."