ಹಿಂಡಿ ಅಂದ್ರ ಹಿಂಡಿ

ಶನಿವಾರ ಸಂಜೆ ಡೊಂಬಿವಲಿ ಹತ್ತಿರದ ವಿಠ್ಠಲವಾಡಿಯ ತನ್ನ ಖೋಲಿಯಲ್ಲಿ ಕೂತು ಮರೆಮ್ಮ ಮಗಳ ಫೋನಿನ ಮೇಲೆ ಬೆರಳಾಡಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಶೇಂಗಾ ಚಟ್ನಿಪುಡಿ. ಜೇವರ್ಗಿ ಕಡೆಯ ಹಳ್ಳಿಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು ಅವಳು. ಓದುವುದು ನಿಧಾನ, ಆದರೆ ಓದಿದ್ದು ತಪ್ಪುವುದಿಲ್ಲ. ಇನ್ನೊಮ್ಮೆ ಓದಿದಳು. ಅದೇ ಇತ್ತು.

“ಇದು ಯಾರದು?” ಎಂದು ಕೇಳಿದಳು.

“ಆಪ್ಲಂಚ್ ಆಹೇ, ಮಮ್ಮಿ. ಫೋಟೊ ಬಘ್ ನಾ,” ನಮ್ಮದೇ, ಫೋಟೊ ನೋಡು ಎಂದಳು ಕಾಂಚನಾ.

ಕಾಂಚನಾ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ತಾಯಿಯ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲೋ ಹಿಂದಿಯಲ್ಲೋ ಬರುತ್ತದೆ. ಕನ್ನಡ ಓದಲು ಬಾರದು. ಹೀಗಾಗಿ ಆ ಮನೆಯಲ್ಲಿ ಫೋನು ಮಗಳ ಕೈಯಲ್ಲಿ, ಅಕ್ಷರ ತಾಯಿಯ ಕೈಯಲ್ಲಿ. ಫೋಟೊದಲ್ಲಿದ್ದದ್ದು ಮರೆಮ್ಮನದೇ ಪ್ಯಾಕೆಟ್ಟು, ಅದರಲ್ಲಿ ಅನುಮಾನವಿಲ್ಲ. ಅವಳದೇ ಮಗುವನ್ನು ಯಾರೋ ಬೇರೆ ಹೆಸರಿಟ್ಟು ಶಾಲೆಗೆ ಸೇರಿಸಿದ ಹಾಗಿತ್ತು.

“ನಂದಾದ್ರ ಇದರ ಹೆಸರು ಹಿಂಡಿ. ಪುಡಿ ಯಾರು ಮಾಡ್ಯಾರ?”

“ಜಾವೂ ದೇ ನಾ, ಮಮ್ಮಿ.”

ಬಿಟ್ಟುಬಿಡು ಎಂದು ಮಗಳು ಹೇಳಿದ್ದಕ್ಕೆ ಕಾರಣವಿತ್ತು. ಮರೆಮ್ಮ ಒಂಬತ್ತು ವರ್ಷ ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ ಮನೆಮನೆಯ ಪಾತ್ರೆ, ಅಂದರೆ ಭಾಂಡಿ, ತಿಕ್ಕಿದವಳು. ಸಾಬೂನಿನ ಪುಡಿಗೆ ಅಂಗೈ ಸುಲಿದು ಬೆರಳು ಸೀಳಿ, ಇನ್ನು ಆ ನೀರಿನಲ್ಲಿ ಕೈ ಇಟ್ಟರೆ ಕೈಯೇ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಆ ಕೆಲಸ ಬಿಟ್ಟಳು. ಅದೇ ಮನೆಗಳಿಗೆ ಕಡಕ್ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಒಯ್ದು ಮಾರತೊಡಗಿದಳು. ಹಿಂಡಿ ತಿಂದವರು ಮತ್ತೆ ಕೇಳಿದರು. ಮೂರು ವರ್ಷ ಚೆನ್ನಾಗಿಯೇ ನಡೆಯಿತು.

ಹೋದ ದೀಪಾವಳಿಯಿಂದ ಅಲ್ಲಿನ ಅಪಾರ್ಟ್‌ಮೆಂಟ್ ಸೊಸೈಟಿಗಳು ಒಂದರ ಹಿಂದೆ ಒಂದು ಗೇಟಿಗೆ ಆ್ಯಪ್ ಹಾಕಿಸಿಕೊಂಡವು. ಕೆಲಸದವರಿಗೆ ಪಾಸು ಉಂಟು, ಮಾರುವವರಿಗೆ ಇಲ್ಲ. ವಾಚಮನ್ ಒಳ್ಳೆಯವನೇ. ಭಾಂಡಿಯವಳು ಎಂದು ಬರೆದುಕೊಳ್ಳುತ್ತೇನೆ, ಚೀಲ ಹಿಡಿದು ಒಳಗೆ ಹೋಗು ಎಂದು ಉಪಾಯ ಹೇಳಿಕೊಟ್ಟ. ಮರೆಮ್ಮ ಚೀಲ ಹಿಡಿದುಕೊಂಡೇ ಗೇಟಿನಿಂದ ತಿರುಗಿ ಬಂದಳು. ಮನೆಯಲ್ಲಿ ಗಂಡ ಮಾಪಣ್ಣ ಬೈದ. ಬೈಯಲಿ. ಭಾಂಡಿಯವಳು ಎಂದು ಬರೆಸಿಕೊಂಡು ಇನ್ನೊಮ್ಮೆ ಆ ಮೆಟ್ಟಿಲು ಹತ್ತುವುದಿಲ್ಲ ಎಂದು ಅವಳು ಅವತ್ತೇ ನಿಶ್ಚಯ ಮಾಡಿದ್ದಳು.

ಹಾಗಾಗಿ ಅವಳಿಗೆ ಉಳಿದಿದ್ದ ಬಾಗಿಲು ಒಂದೇ, ಅದೂ ಫೋನಿನೊಳಗಿನದು. ಡೊಂಬಿವಲಿಯ ಕನ್ನಡ ಸಂಘಕ್ಕೆ ಹನ್ನೊಂದು ವರ್ಷದ ಹಳೆಯ ವೆಬ್‌ಸೈಟ್ ಒಂದಿತ್ತು. ಅದರಲ್ಲಿ ಅಧ್ಯಕ್ಷರ ಸಂದೇಶ, ರಾಜ್ಯೋತ್ಸವದ ಮಸುಕು ಫೋಟೊಗಳು, ಇಬ್ಬರೇ ವರರಿದ್ದು ಒಬ್ಬ ವಧುವೂ ಇಲ್ಲದ ವಧೂವರ ವಿಭಾಗ, ಕೆಳಗೆ ಎಷ್ಟು ಜನ ಬಂದರೆಂದು ಎಣಿಸುವ ಒಂದು ಅಂಕಿ. ಆ ಅಂಕಿ ಹೆಚ್ಚಾಗುತ್ತಿದ್ದದ್ದು ಪದಾಧಿಕಾರಿಗಳು ತಮ್ಮ ತಮ್ಮ ಫೋಟೊ ನೋಡಿಕೊಳ್ಳಲು ಬಂದಾಗ. ಐರೋಲಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಕಾರ್ಯದರ್ಶಿ ಶ್ರೀನಿಗೆ ಇದನ್ನು ಕಂಡು ನಾಚಿಕೆಯಾಯಿತು. ಸೈಟು ಹೇಗೂ ಇದೆ, ಇದಕ್ಕೇ ಒಂದು ಅಂಗಡಿ ಜೋಡಿಸೋಣ, ನಮ್ಮ ಹೆಂಗಸರು ಮಾಡಿದ್ದನ್ನು ಠಾಣೆಯಿಂದ ಟಿಟ್ವಾಳಾದವರೆಗೆ ಕಳಿಸೋಣ ಎಂದು ಎರಡು ತಿಂಗಳು ರಜೆಯ ದಿನಗಳನ್ನೆಲ್ಲ ಅದಕ್ಕೇ ಸುರಿದ. ಭಾನುವಾರ ಹನ್ನೆರಡು ಗಂಟೆಗೆ ಅಂಗಡಿ ತೆರೆಯುವುದೆಂದು ಗೊತ್ತಾಗಿತ್ತು. ಮೊದಲ ಆರು ಪದಾರ್ಥಗಳಲ್ಲಿ ಮರೆಮ್ಮನ ಹಿಂಡಿಯೂ ಒಂದು.

ಎಡವಟ್ಟು ಆದದ್ದು ಹೆಸರಿನಲ್ಲಿ. ಶ್ರೀನಿ ಕಳಿಸಿದ ಫಾರಮ್ಮನ್ನು ಕಾಂಚನಾ ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿದ್ದಳು. ಆ ಅಕ್ಷರಗಳಲ್ಲಿ ಹಿಂಡಿಗೂ ಹಿಂದಿಗೂ ಫರಕೇ ಇಲ್ಲ. ಪರೀಕ್ಷೆಗೆಂದು ಹಾಕಿದ ಪುಟವನ್ನು ಸಂಘದ ಹಿರಿಯ ಸದಸ್ಯ ದಯಾನಂದ ನೋಡಿದರು. ಮಂಗಳೂರಿನ ಕಡೆಯಿಂದ ಬಂದು ಕಲ್ಯಾಣದಲ್ಲಿ ಹೋಟೆಲು ನಡೆಸಿದವರು, ಕನ್ನಡದ ವಿಷಯಕ್ಕೆ ಯಾರ ಮೇಲಾದರೂ ಹರಿಹಾಯಬಲ್ಲವರು. “ಕನ್ನಡ ಸಂಘದ ಅಂಗಡಿಯಲ್ಲಿ ಹಿಂದಿ ಮಾರುವ ಕಾಲ ಬಂತೇ?” ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆದು, ಪಕ್ಕದಲ್ಲಿ ಹನ್ನೊಂದು ಕೆಂಪು ಮುಖಗಳನ್ನು ಹಾಕಿದರು. ಎರಡು ದಿನ ಗುಂಪು ಹೊತ್ತಿ ಉರಿಯಿತು. ಹಿಂದಿ ಹೇರಿಕೆಯ ವಿರುದ್ಧ ಮೂರು ಕವನಗಳೂ ಬಂದವು. ಇದು ತಿನ್ನುವ ಪದಾರ್ಥ ಎಂದು ತಿಳಿದ ಮೇಲೆ ಶ್ರೀನಿ ಕನ್ನಡ ಅಕ್ಷರದಲ್ಲಿ ಹಿಂಡಿ ಎಂದು ಬದಲಿಸಿದ. ಆಗ ಅವನ ಹೆಂಡತಿ, ಮರೆಮ್ಮನ ಹಳೆಯ ಗಿರಾಕಿ ಸರಳಾ ಓದಿದಳು. ಅವಳು ಮೈಸೂರಿನವಳು. ಅಲ್ಲಿ ಹಿಂಡಿ ಎಂದರೆ ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ, ದನಕ್ಕೆ ಹಾಕುವ ವಸ್ತು. ಕೊನೆಗೆ ಚಟ್ನಿಪುಡಿ ಎಂದಾಯಿತು, ಎಲ್ಲರೂ ಒಪ್ಪಿದರು. ಮರೆಮ್ಮನನ್ನು ಮಾತ್ರ ಯಾರೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ನಲವತ್ತು ಪ್ಯಾಕೆಟ್ಟುಗಳ ಚೀಲ ಹೊತ್ತು ತಾಯಿ ಮಗಳು ಡೊಂಬಿವಲಿಯಲ್ಲಿ ಇಳಿದು, ಶೇರ್ ರಿಕ್ಷಾ ಹಿಡಿದು ಸಂಘದ ಕಚೇರಿಗೆ ಬಂದರು. ದಾರಿಯುದ್ದಕ್ಕೂ ಕಾಂಚನಾ ಒಂದೇ ಮಾತು ಹೇಳಿದಳು. ಹೆಸರು ಏನಾದರೂ ಇರಲಿ, ಮಾಲು ಹೋಗಲಿ. ಜಗಳ ತೆಗೆದರೆ ಪುಟವೇ ಹೋಗುತ್ತದೆ, ಆಮೇಲೆ ಮತ್ತೆ ಭಾಂಡಿಯೇ ಗತಿ. ಮರೆಮ್ಮ ಕೇಳಿಸಿಕೊಂಡಳು. ಮಗಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ಅವಳ ಸಿಟ್ಟು ಇನ್ನಷ್ಟು ಏರಿತು.

ಕಚೇರಿಯಲ್ಲಿ ಇಪ್ಪತ್ತು ಜನರಿದ್ದರು. ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ಚಿತ್ರ ದೊಡ್ಡದಾಗಿ ಗೋಡೆಯ ಮೇಲೆ. “ಬನ್ನಿ ಬನ್ನಿ, ಪ್ಯಾಕೆಟ್ ಅಲ್ಲಿಡಿ,” ಎಂದ ಶ್ರೀನಿ. ಮರೆಮ್ಮ ಚೀಲವನ್ನು ಕಂಕುಳಲ್ಲೇ ಇಟ್ಟುಕೊಂಡಳು.

“ಇಡ್ತೀನಿ ಸರ್. ಮೊದಲ ಹೆಸರು ಸರಿ ಮಾಡ್ರಿ. ಇದು ಪುಡಿ ಅಲ್ಲ, ಹಿಂಡಿ.”

ಶ್ರೀನಿ ಮೆತ್ತಗಿನ ಮನುಷ್ಯ. “ಅದು ಹಾಗಲ್ಲ, ನೋಡಿ. ಇಂಗ್ಲಿಷಲ್ಲಿ ಬರೆದ್ರೆ ಭಾಷೆ ಆಗತ್ತೆ, ಕನ್ನಡದಲ್ಲಿ ಬರೆದ್ರೆ ನಮ್ಮ ಕಡೆ ಬೇರೆ ಅರ್ಥ ಬರತ್ತೆ. ಜನಕ್ಕೆ ಗೊಂದಲ ಬೇಡ ಅಂತ.”

“ಏನ್ ಅರ್ಥ ಬರ್ತದ್ರಿ?”

ಅವನು ತಡವರಿಸಿದ. ಸರಳಾ ತಡವರಿಸಲಿಲ್ಲ. “ದನದ ಮೇವು ಕಣಮ್ಮ. ಯಾರಾದ್ರೂ ದುಡ್ಡು ಕೊಟ್ಟು ದನದ ಮೇವು ತಿಂತಾರಾ?”

ಕೆಲವರು ನಕ್ಕರು. ಮರೆಮ್ಮನ ಮುಖಕ್ಕೆ ಬಿಸಿ ಏರಿತು, ಆದರೆ ದನಿ ಏರಲಿಲ್ಲ.

“ನಾವು ತಿಂತೀವ್ರಿ, ಅಕ್ಕಾರ. ನಮ್ಮಪ್ಪ ತಿಂದಾನ, ನಮ್ಮವ್ವ ತಿಂದಾಳ, ಕಲಬುರ್ಗಿ, ರಾಯಚೂರು, ಬಿಜಾಪುರ ಎಲ್ಲಾ ತಿಂತದ. ನೀವೂ ಮೂರು ವರ್ಷ ತಿಂದೀರಿ. ನಿಮಗೇನರ ಕೋಡು ಮೂಡ್ಯಾವೇನ್ರಿ?”

ಈ ಸಲ ಹೆಚ್ಚು ಜನ ನಕ್ಕರು. ನಗದೆ ಉಳಿದವಳು ಸರಳಾ ಒಬ್ಬಳೇ. ಕಾಂಚನಾ ಹಿಂದಿನಿಂದ ತಾಯಿಯ ಸೆರಗು ಜಗ್ಗಿದಳು.

ದಯಾನಂದ ಗಂಟಲು ಸರಿಮಾಡಿಕೊಂಡರು. “ಅಲ್ಲ ಮಾರಾಯ್ತಿ, ಒಂದು ಹೆಸರಿಗೆ ಇಷ್ಟು ಗಲಾಟೆ ಎಂತಕ್ಕೆ? ಎಲ್ಲರಿಗೂ ಅರ್ಥ ಆಗುವ ಹೆಸರು ಇದ್ದರೆ ಒಳ್ಳೇದಲ್ವಾ?”

ಮರೆಮ್ಮ ಗೋಡೆಯ ಮೇಲಿನ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದಳು. ಅವಳಿಗೆ ಹೊತ್ತು ಹಿಡಿಯಿತು, ಎಲ್ಲರೂ ಕಾಯಬೇಕಾಯಿತು. ಮೂರನೆಯದರ ಹತ್ತಿರ ಅವಳ ಬೆರಳು ನಿಂತಿತು.

“ಇದೇನ್ರಿ, ಕೋರಿ ರೊಟ್ಟಿ?”

“ಅದು ನಮ್ಮನೆಯವಳು ಮಾಡಿದ್ದು,” ಎಂದರು ದಯಾನಂದ ಹೆಮ್ಮೆಯಿಂದ. “ಕೋರಿ ಅಂದರೆ ತುಳುವಿನಲ್ಲಿ ಕೋಳಿ.”

“ಅದರಾಗ ಕೋಳಿ ಹಾಕೀರೇನು?”

“ಛೆ, ಛೆ! ಅದು ಅಕ್ಕಿ ರೊಟ್ಟಿ. ಕೋಳಿ ಸಾರಿನ ಒಟ್ಟಿಗೆ ತಿನ್ಲಿಕ್ಕೆ.”

“ಕೋಳಿ ಇಲ್ಲ, ತುಳು ನಮಗ ತಿಳಿಯಂಗಿಲ್ಲ. ಮತ್ತ ಅಕ್ಕಿ ರೊಟ್ಟಿ ಅಂತ ಯಾಕ ಬರೀಲಿಲ್ರಿ, ಎಲ್ಲರಿಗಿ ತಿಳಿಯಾಂಗ?”

ಮನೆಯಲ್ಲಿ ಹೆಂಡತಿಯ ಮುಂದೆ ಹೋಗಿ ಇನ್ನು ಮೇಲೆ ನಿನ್ನ ಕೋರಿ ರೊಟ್ಟಿ ಬರೀ ಅಕ್ಕಿ ರೊಟ್ಟಿ ಎಂದು ಹೇಳುವ ದೃಶ್ಯ ದಯಾನಂದರ ಕಣ್ಣೆದುರು ಬಂದಿರಬೇಕು. “ಅವಳು ಹೇಳುವುದರಲ್ಲಿ ಪಾಯಿಂಟ್ ಉಂಟು, ಶ್ರೀನಿ,” ಎಂದರು.

ಮರೆಮ್ಮ ಅಲ್ಲಿಗೇ ಬಿಡಲಿಲ್ಲ. ಚೀಲದಿಂದ ಒಂದು ಪ್ಯಾಕೆಟ್ಟು ತೆಗೆದು ಹಲ್ಲಿನಿಂದ ಹರಿದಳು. ಹುರಿದ ಶೇಂಗಾ, ಬೆಳ್ಳುಳ್ಳಿ, ಒಣ ಖಾರದ ವಾಸನೆ ಕೋಣೆಯಲ್ಲಿ ತುಂಬಿತು. ಒಂದು ಹಿಡಿ ಅಂಗೈಗೆ ಸುರಿದು ಮುಷ್ಟಿ ಬಿಗಿದು ಬಿಚ್ಚಿದಳು. ಬೆರಳಿನ ಗುರುತು ಮೂಡಿದ ಮುಟಗಿ, ಮುಷ್ಟಿಯಷ್ಟು ಉಂಡೆ, ಅಂಗೈಯಲ್ಲಿ ಹಾಗೇ ನಿಂತಿತ್ತು.

“ಕಲ್ಲಿನ ಒಳ್ಳಾಗ ಹಾಕಿ, ಎಣ್ಣಿ ಬಿಡೋತನಕ ಕುಟ್ತೀನ್ರಿ. ಎಣ್ಣಿ ಬಿಟ್ರ ಹಿಂಡಿ. ಬಿಡದಿದ್ರ ಪುಡಿ. ಪುಡಿ ಬೇಕಾದ್ರ ಮಿಕ್ಸರಿಗಿ ಹಾಕಿದ್ರಾಯ್ತು, ನಾ ಯಾಕ ಬೇಕು? ಪುಡಿ ಅಂತ ತರಿಸಿಕೊಂಡಾವ ಇದನ್ನ ನೋಡಿ ಏನಂತಾನ? ಹಸಿ ಆಗ್ಯದ, ಕೆಟ್ಟದ ಅಂತಾನ. ಕೆಟ್ಟ ಮಾಲು ಕೊಟ್ಟಾಕಿ ನಾ ಆಗ್ಬೇಕೇನ್ರಿ?”

ಶ್ರೀನಿಗೆ ಇದು ಮಿಕ್ಕೆಲ್ಲ ಮಾತಿಗಿಂತ ಬೇಗ ನಾಟಿತು. ಒಂದು ನಕ್ಷತ್ರದ ವಿಮರ್ಶೆಗಳು, ತೇವವಾಗಿದೆ ಎಂಬ ದೂರುಗಳು, ವಾಪಸು ಬರುವ ಪೊಟ್ಟಣಗಳು ಅವನ ತಲೆಯಲ್ಲಿ ಸಾಲುಗಟ್ಟಿದವು. ಗಡಿಯಾರ ಹನ್ನೆರಡಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು.

“ಸರಿ, ಒಂದು ಕೆಲಸ ಮಾಡೋಣ,” ಎಂದ. “ಮೇಲೆ ಚಟ್ನಿಪುಡಿ ಅಂತಲೇ ಇರಲಿ. ಕೆಳಗೆ ಸಣ್ಣ ಅಕ್ಷರದಲ್ಲಿ, ಉತ್ತರ ಕರ್ನಾಟಕದಲ್ಲಿ ಇದನ್ನು ಹಿಂಡಿ ಅಂತಾರೆ ಅಂತ ಸೇರಿಸ್ತೀನಿ. ಇಬ್ಬರಿಗೂ ಆಯ್ತು.”

ಕೋಣೆಗೆ ಸಮಾಧಾನವಾಯಿತು. ಒಳ್ಳೆಯದು, ಒಳ್ಳೆಯದು ಎಂದರು. ಕಾಂಚನಾ ಉಸಿರು ಬಿಟ್ಟು “ಮಾನ್ ಜಾ, ಮಮ್ಮಿ, ಪ್ಲೀಸ್,” ಎಂದು ಕಿವಿಯಲ್ಲಿ ಬೇಡಿದಳು.

ಒಂದು ಗಳಿಗೆ ಮರೆಮ್ಮನಿಗೂ ಒಪ್ಪಿಬಿಡಬೇಕೆನ್ನಿಸಿತು. ಒಪ್ಪಿದರೆ ನಾಳೆಯಿಂದ ಮಾಲು ಹೋಗುತ್ತದೆ. ಒಪ್ಪದಿದ್ದರೆ ಈ ನಲವತ್ತು ಪ್ಯಾಕೆಟ್ಟು ಹೊತ್ತು ಅದೇ ರಿಕ್ಷಾ, ಅದೇ ರೈಲು, ಆಮೇಲೆ ಅದೇ ಗೇಟು. ಆದರೆ ಸಣ್ಣ ಅಕ್ಷರ ಎಂಬ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಯಾವಾಗಲೂ ತಮ್ಮದೇ ಯಾಕೆ ಕೆಳಗೆ?

“ತಿರಗಾ ಮುರಗಾ ಮಾಡ್ರಿ ಸರ್,” ಎಂದಳು. “ಮ್ಯಾಲ ದೊಡ್ಡದಾಗಿ ಶೇಂಗಾ ಹಿಂಡಿ ಅಂತ ಬರೀರಿ. ಕೆಳಗ ಸಣ್ಣ ಅಕ್ಷರದಾಗ ಬರೀರಿ, ಬೆಂಗಳೂರು ಮೈಸೂರಿನವರು ಇದಕ್ಕ ಚಟ್ನಿಪುಡಿ ಅಂತಾರ ಅಂತ. ಆಗಲ್ಲಂದ್ರ ನನ್ನ ಪ್ಯಾಕೆಟ್ಟಿನ ಫೋಟೊ ತೆಗೆದು ಹಾಕ್ರಿ, ನಾ ಹೋಗ್ತೀನಿ.”

ಚೀಲವನ್ನು ಹೆಗಲಿಗೆ ಏರಿಸಿಯೂ ಬಿಟ್ಟಳು. ದಯಾನಂದರು ಮೊದಲು ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. “ಬರಿ ಮಾರಾಯ, ಬರಿ! ಹನ್ನೆರಡು ಆಯ್ತು,” ಎಂದು ಶ್ರೀನಿಯ ಬೆನ್ನಿಗೆ ತಟ್ಟಿದರು. ಶ್ರೀನಿ ತಾನೂ ನಗುತ್ತ ಕೀಲಿಗಳನ್ನು ಒತ್ತಿದ. ಗೋಡೆಯ ಮೇಲೆ ಹಿಂಡಿ ಮೇಲಕ್ಕೆ ಹೋಯಿತು, ಮೈಸೂರು ಕೆಳಕ್ಕೆ ಇಳಿಯಿತು. ಮರೆಮ್ಮ ಎರಡನ್ನೂ ಓದಿ ನೋಡಿ ಚೀಲವನ್ನು ಮೇಜಿನ ಮೇಲಿಟ್ಟಳು.

ತುಂಬಬೇಕಾದ ಖಾನೆ ಇನ್ನೊಂದು ಉಳಿದಿತ್ತು. ತಯಾರಿಸಿದವರ ಹೆಸರು. ಶ್ರೀನಿ ತಲೆ ಎತ್ತುವ ಮೊದಲೇ ಸರಳಾ, “ಮೀರಾ ಅಂತ ಹಾಕಿ,” ಎಂದಳು.

ಅವಳು ಕೇಡು ಬಗೆದು ಹೇಳಿದ್ದಲ್ಲ, ಅವಳಿಗೆ ಗೊತ್ತಿದ್ದ ಹೆಸರು ಅದೇ. ಹಿಂದೆ ಸರಳಾಳ ಕಟ್ಟಡಕ್ಕೆ ಮರೆಮ್ಮ ಮೊದಲ ದಿನ ಕೆಲಸ ಕೇಳಿಕೊಂಡು ಹೋದಾಗ, ಹೆಸರು ಕೇಳಿ ಎದುರು ಮನೆಯ ಮರಾಠಿ ಅಜ್ಜಿ ಕಿವಿ ಮುಚ್ಚಿಕೊಂಡಿದ್ದಳು. ಮರಾಠಿಯ ಕಿವಿಗೆ ಅದರಲ್ಲಿ ‘ಮರ್’, ಅಂದರೆ ಸಾವು, ಕೇಳಿಸುತ್ತದೆ. ಬೆಳಗಾಗೆದ್ದು ಬಾಗಿಲಲ್ಲಿ ನಿಂತು ಸಾವನ್ನು ಕೂಗಿ ಕರೆಯುವುದು ಹೇಗೆ? ಸರಳಾ ಅಲ್ಲೇ ನಿಂತು ಮೀರಾ ಎಂಬ ಹೆಸರು ಹುಡುಕಿ ಕೊಟ್ಟಿದ್ದಳು. ಮರೆಮ್ಮ ಎಂಬುದು ಊರದೇವಿಯ ಹೆಸರು, ತನ್ನ ಅಜ್ಜಿ ಹರಕೆ ಹೊತ್ತು ಇಟ್ಟದ್ದು ಎಂದು ಹೇಳಬೇಕೆಂದು ಮರೆಮ್ಮನ ನಾಲಿಗೆ ತುದಿಗೆ ಬಂದಿತ್ತು. ಕೆಲಸ ಬೇಕಾಗಿತ್ತು, ಹೇಳಲಿಲ್ಲ. ಒಂಬತ್ತು ವರ್ಷ ಆ ಕಟ್ಟಡದ ಪ್ರತಿ ಬಾಗಿಲಲ್ಲೂ ಮೀರಾ ಎಂದಾಗ ಓ ಎಂದಿದ್ದಳು.

ಶ್ರೀನಿಯ ಬೆರಳು ಆಗಲೇ ಮೊದಲ ಅಕ್ಷರ ಒತ್ತಿತ್ತು.

“ಅದನ್ನ ಅಳಿಸ್ರಿ ಸರ್,” ಎಂದಳು ಮರೆಮ್ಮ. ಮಾತು ಅವನಿಗೆ, ಕಣ್ಣು ಸರಳಾಳ ಮೇಲೆ. “ಮೀರಾ ನಿಮ್ಮ ಮನ್ಯಾಗ ಭಾಂಡಿ ತಿಕ್ಕಾಕಿ ಇದ್ಳು, ಅಕ್ಕಾರ. ಆಕಿ ಕೆಲಸ ಬಿಟ್ಟು ಹೋಗ್ಯಾಳ. ಹಿಂಡಿ ಕುಟ್ಟಾಕಿ ಮರೆಮ್ಮ.”